ಮುಟ್ಟಿನ ಭಯ, ಉಸಿರಿನ ರೋಗ: ದಿನಸಿ ಅಂಗಡಿ ಮುಂದಿನ ಚೌಕಗಳ ಚರಿತ್ರೆ



ಪ್ರತಿ ವರ್ಷ ಮಾರ್ಚ್ ಬಂತು ಅಂದ್ರೆ ಲಾಕ್‌ಡೌನ್ ಫೋಟೋಗಳು ಮತ್ತೆ ಓಡಾಡೋಕೆ ಶುರುವಾಗ್ತವೆ. ದಿನಸಿ ಅಂಗಡಿ ಮುಂದೆ ಸುಣ್ಣದಲ್ಲಿ ಬರೆದ ಚೌಕಗಳು, ಚೌಕಕ್ಕೊಬ್ಬರಂತೆ ಚೀಲ ಹಿಡಿದು ನಿಂತ ಜನ. ಈ ಸಲ ಅಂಥದ್ದೊಂದು ಫೋಟೋ ಕೆಳಗೆ ಓದಿದವರೊಬ್ಬರು ಬರೆದಿದ್ದರು: ನಮ್ಮ ಹಿರಿಯರ ಮಡಿ-ಮೈಲಿಗೆಯಲ್ಲಿ ಎಂಥ ವಿಜ್ಞಾನ ಇತ್ತು ಅನ್ನೋದನ್ನ ಕೊರೊನಾ ಜಗತ್ತಿಗೇ ತೋರಿಸಿಕೊಟ್ಟಿತು ಅಂತ. ಅದಕ್ಕೆ ರಾಶಿ ಲೈಕು. 2020ರಲ್ಲೂ ಇದೇ ಮಾತು ಕೇಳಿದ್ವಿ. ಆಗ ಉತ್ತರ ಕೊಡೋಕೆ ಪುರುಸೊತ್ತಿರಲಿಲ್ಲ, ಕೇರಿ ಕೇರಿ ಸುತ್ತಿ ರೇಷನ್ ಕಿಟ್ ಹಂಚೋದ್ರಲ್ಲಿದ್ವಿ. ಈಗ ಸ್ವಲ್ಪ ಉದ್ದಕ್ಕೇ ಬರೀತೀನಿ, ಸಮಾಧಾನವಾಗಿ ಓದಿ.

ಮೊದಲು ಆ ದಿನಗಳನ್ನ ನೆನಪು ಮಾಡ್ಕೊಳ್ಳಿ. 2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದು ಮಧ್ಯರಾತ್ರಿಯಿಂದ ದೇಶವೇ ಬಂದ್ ಅಂದರು. ಭಾಷಣ ಮುಗಿಯುತ್ತಿದ್ದಂತೆ ಜನ ಅಂಗಡಿಗಳಿಗೆ ಮುಗಿಬಿದ್ದರು. ಗೃಹ ಸಚಿವಾಲಯದ ಆದೇಶದಲ್ಲಿ ರೇಷನ್ ಅಂಗಡಿ, ದಿನಸಿ, ಹಣ್ಣು-ತರಕಾರಿ, ಹಾಲು, ಮಾಂಸ-ಮೀನಿನ ಅಂಗಡಿಗಳಿಗೆ ವಿನಾಯಿತಿ ಇತ್ತು. ಮೇ ತಿಂಗಳ ಮಾರ್ಗಸೂಚಿ ಬರೋ ಹೊತ್ತಿಗೆ ಲೆಕ್ಕ ಪಕ್ಕಾ ಆಯ್ತು: ಗಿರಾಕಿ ಗಿರಾಕಿ ನಡುವೆ 6 ಅಡಿ, ಒಂದು ಅಂಗಡಿಯಲ್ಲಿ ಒಮ್ಮೆಗೆ 5 ಜನಕ್ಕಿಂತ ಹೆಚ್ಚಿರಬಾರದು.

ಇಷ್ಟು ಸರ್ಕಾರದ್ದು. ಉಳಿದಿದ್ದನ್ನು ಅಂಗಡಿಯವರೇ ಕಂಡುಹಿಡಿದರು. ಕಟ್ಟೆಯಿಂದ ಬೀದಿಗೆ ಇಳಿಜಾರಾಗಿ ಕಟ್ಟಿದ ಪಿವಿಸಿ ಪೈಪು, ಅದರಲ್ಲಿ ಅಕ್ಕಿ ಸುರಿದರೆ ಈ ಕಡೆ ಚೀಲ ಒಡ್ಡಬೇಕು. ದುಡ್ಡನ್ನ ತಟ್ಟೆಯಲ್ಲಿ ಹಾಕಿ ಹಿಂದೆ ಸರೀಬೇಕು, ಅವರು ಅದರ ಮೇಲೆ ಸ್ಯಾನಿಟೈಸರ್ ಹೊಡೆದು ಎತ್ತಿಕೊಳ್ತಾರೆ. ನೋಟಿಗೆ ಇಸ್ತ್ರಿ ಹಾಕಿದವರೂ ಉಂಟು. ಟಿವಿಯವರು ಇದನ್ನೆಲ್ಲ ದೇಸಿ ಐಡಿಯಾ ಅಂತ ಹೊಗಳಿ ಹೊಗಳಿ ತೋರಿಸಿದರು.

ಅದನ್ನ ನೋಡಿ ನಮ್ಮವ್ವ ನಕ್ಕಿದ್ದಳು. "ಇದೇನ್ ಹೊಸಾದು? ನಮ್ಗೆ ಹಿಂಗೇ ಅಲ್ವಾ ಕೊಡ್ತಿದ್ದಿದ್ದು" ಅಂದಳು. ಅವ್ವನ ಕಾಲದಲ್ಲಿ ನಮ್ಮೂರ ಅಂಗಡಿಗೆ ಒಂದು ಜಗಲಿ, ಜಗಲಿ ಕೆಳಗೆ ನಮ್ಮವರು. ಕಾಸನ್ನು ಮೆಟ್ಟಿಲ ಮೇಲಿಡಬೇಕು. ಅವರು ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದರು. ಉಪ್ಪು, ಬೆಲ್ಲ, ಹೊಗೆಸೊಪ್ಪನ್ನ ಮೇಲಿಂದ ಸೆರಗಿಗೆ ಎಸೆಯುತ್ತಿದ್ದರು, ಸೆರಗು ತಪ್ಪಿದರೆ ಮಣ್ಣಲ್ಲಿ ಆರಿಸ್ಕೋಬೇಕು. ಇದು ನಮ್ಮೂರಿನ ಒಂದು ಅಂಗಡಿ ಕತೆ ಅಂದ್ಕೋಬೇಡಿ. 2006ರಲ್ಲಿ ಘನಶ್ಯಾಮ್ ಶಾ, ಹರ್ಷ ಮಂದರ್, ಸುಖದೇವ್ ಥೋರಟ್ ಮೊದಲಾದವರು ಗ್ರಾಮೀಣ ಭಾರತದ ಅಸ್ಪೃಶ್ಯತೆ ಬಗ್ಗೆ ಒಂದು ಪುಸ್ತಕ ತಂದರು. 11 ರಾಜ್ಯಗಳ 565 ಹಳ್ಳಿಗಳ ಸಮೀಕ್ಷೆ ಅದು. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಹಳ್ಳಿಗಳಲ್ಲಿ ದಲಿತರಿಗೆ ಊರಿನ ಅಂಗಡಿಯೊಳಗೆ ಪ್ರವೇಶ ಇರಲಿಲ್ಲ. ಇದು ಇಪ್ಪತ್ತೊಂದನೇ ಶತಮಾನದ ಲೆಕ್ಕ, ಮನುವಿನ ಕಾಲದ್ದಲ್ಲ.

ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಇದ್ದ ಪದ "ಸಾಮಾಜಿಕ ಅಂತರ". ಬಿಎಯಲ್ಲಿ ಸಮಾಜಶಾಸ್ತ್ರ ಓದಿದವರಿಗೆ ಈ ಪದ ಮೊದಲೇ ಗೊತ್ತು. 1920ರ ದಶಕದಲ್ಲಿ ಅಮೆರಿಕದ ಬೊಗಾರ್ಡಸ್ ಎಂಬ ಸಮಾಜಶಾಸ್ತ್ರಜ್ಞ ಇದನ್ನು ಅಳೆಯಲು ಒಂದು ಮಾಪನವನ್ನೇ ಮಾಡಿದ್ದ. ಬೇರೆ ಜನಾಂಗದವನನ್ನು ನೆಂಟನಾಗಿ ಒಪ್ತೀಯಾ, ನೆರೆಯವನಾಗಿ ಒಪ್ತೀಯಾ, ಜೊತೆ ಕೆಲಸಗಾರನಾಗಿ ಒಪ್ತೀಯಾ ಎಂದು ಕೇಳುವ ಮಾಪನ. ಅಂದರೆ ಆ ಪದ ಅಳೆಯುತ್ತಿದ್ದದ್ದು ರೋಗವನ್ನಲ್ಲ, ಪೂರ್ವಗ್ರಹವನ್ನು. 2020ರ ಮಾರ್ಚ್ 20ರಂದು ವಿಶ್ವ ಆರೋಗ್ಯ ಸಂಸ್ಥೆಯೇ ಪತ್ರಿಕಾಗೋಷ್ಠಿಯಲ್ಲಿ ಹೇಳಿತು: ಇನ್ನು ಮುಂದೆ ನಾವು "ದೈಹಿಕ ಅಂತರ" ಅಂತೀವಿ, ಯಾಕಂದ್ರೆ ಜನ ಸಾಮಾಜಿಕವಾಗಿ ದೂರವಾಗೋದು ನಮಗೆ ಬೇಕಿಲ್ಲ. ಮಾರ್ಚ್ 20 ಅಂದರೆ ನಮಗೆ ಬೇರೇನೇ ನೆನಪು. 1927ರ ಅದೇ ದಿನ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ್ದು. ಇದು ಬರೀ ಕಾಕತಾಳೀಯ, ಅದಕ್ಕೆ ಜಾಸ್ತಿ ಅರ್ಥ ಹಚ್ಚೋಲ್ಲ. ಆದರೆ ಡಬ್ಲ್ಯುಎಚ್‌ಒ ಕೈಬಿಟ್ಟ ಪದವನ್ನ ನಮ್ಮ ಟಿವಿ, ನಮ್ಮ ಕಚೇರಿ ಸುತ್ತೋಲೆಗಳು ಕೈಬಿಡಲೇ ಇಲ್ಲ. ನಾನೇ ಟೈಪ್ ಮಾಡಿದ ಸುತ್ತೋಲೆಗಳಲ್ಲಿ ಆ ಪದ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಮೇಲಿಂದ ಬಂದ ಒಕ್ಕಣೆ, ಗುಮಾಸ್ತ ತಿದ್ದೋ ಹಾಗಿಲ್ಲ.

ಈಗ ಅಂಗಡಿ ವಿಷಯಕ್ಕೆ ಬರ್ತೀನಿ. ಅಂಗಡಿ ಎಂದರೆ ಬಾಬಾಸಾಹೇಬರಿಗೆ ಸಣ್ಣ ವಿಷಯ ಆಗಿರಲಿಲ್ಲ. 1928ರಲ್ಲಿ ಬಾಂಬೆ ಸರ್ಕಾರ ದಲಿತ ವರ್ಗಗಳು ಮತ್ತು ಆದಿವಾಸಿಗಳ ಸ್ಥಿತಿ ಅರಿಯಲು ಸ್ಟಾರ್ಟ್ ಎಂಬ ಅಧಿಕಾರಿಯ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ಬಾಬಾಸಾಹೇಬರು ಅದರ ಸದಸ್ಯರು. ಆ ಪ್ರಾಂತ್ಯದಲ್ಲಿ ನಮ್ಮ ಬಿಜಾಪುರ, ಬೆಳಗಾವಿ, ಧಾರವಾಡ, ಕಾರವಾರಗಳೂ ಸೇರಿದ್ದವು. 1930ರ ವರದಿ ಹೇಳುತ್ತದೆ: ದಲಿತರು ತಮ್ಮ ಹಕ್ಕು ಕೇಳಿದ ಕೂಡಲೇ ಊರವರ ಕೈಯಲ್ಲಿರುವ ಆಯುಧ ಬಹಿಷ್ಕಾರ. ಓಡಾಡುವ ದಾರಿ ಮುಚ್ಚುತ್ತಾರೆ, ಊರ ಅಂಗಡಿಯವನಿಂದ ದಿನಬಳಕೆಯ ಸಾಮಾನು ಸಿಗದಂತೆ ಮಾಡುತ್ತಾರೆ. ಹೊಡೆಯೋದು ಬೇಡ, ಬಡಿಯೋದು ಬೇಡ, ಉಪ್ಪು ನಿಲ್ಲಿಸಿದರೆ ಸಾಕು. ಅದಕ್ಕೇ ದುಂಡುಮೇಜಿನ ಪರಿಷತ್ತಿಗೆ ಬಾಬಾಸಾಹೇಬರು ಮತ್ತು ರೆಟ್ಟಮಲೈ ಶ್ರೀನಿವಾಸನ್ ಕೊಟ್ಟ ಮನವಿಯಲ್ಲಿ ಬಹಿಷ್ಕಾರವನ್ನು ಅಪರಾಧ ಮಾಡಬೇಕು ಎಂಬ ಬೇಡಿಕೆ ಇತ್ತು. ಅದರ ವಾಕ್ಯಗಳನ್ನು 1922ರ ಬರ್ಮಾ ಬಹಿಷ್ಕಾರ ವಿರೋಧಿ ಕಾಯ್ದೆಯಿಂದ ತೆಗೆದುಕೊಂಡಿದ್ದರು. ಬೇಕಾದ ಕಾನೂನನ್ನ ಎಲ್ಲೆಲ್ಲಿಂದ ಹುಡುಕಿ ತಂದಿದ್ದಾರೆ ನೋಡಿ.

ಸಂವಿಧಾನದ 15(2)ನೇ ವಿಧಿ ತೆಗೆದು ಓದಿ. ಯಾವ ನಾಗರಿಕನಿಗೂ ಎಲ್ಲೆಲ್ಲಿ ಪ್ರವೇಶ ತಡೆಯಬಾರದು ಎಂಬ ಪಟ್ಟಿಯಲ್ಲಿ ಮೊದಲ ಪದವೇ "ಅಂಗಡಿ". ಹೋಟೆಲು, ಬಾವಿ, ಕೆರೆ, ರಸ್ತೆ ಎಲ್ಲ ಆಮೇಲೆ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಇದರ ಚರ್ಚೆ ನಡೆದಾಗ ಅಂಗಡಿ ಅಂದ್ರೆ ಏನೇನು ಎಂಬ ಪ್ರಶ್ನೆ ಬಂತು. ಬಾಬಾಸಾಹೇಬರ ಉತ್ತರದ ತಾತ್ಪರ್ಯ ಇಷ್ಟು: ಕೇಳಿ ಬಂದವರಿಗೆ ಸೇವೆ ಕೊಡಲು ಸಿದ್ಧವಿರುವ ಯಾವ ಜಾಗವಾದರೂ ಅಂಗಡಿಯೇ, ಮತ್ತು ಆ ಪದ ಬರೀ ಒಳಗೆ ಕಾಲಿಡುವುದಕ್ಕೆ ಸೀಮಿತವಲ್ಲ, ಸೇವೆಯನ್ನೇ ಪಡೆಯುವ ಹಕ್ಕು. ಡಾಕ್ಟರು, ವಕೀಲರೂ ಸೇರ್ತಾರಾ ಎಂದು ಕೇಳಿದ್ದಕ್ಕೆ ಖಂಡಿತ ಎಂದರು. ಅಸ್ಪೃಶ್ಯತೆ ನಿಷೇಧದ ವಿಧಿ ಅಂಗೀಕಾರವಾದದ್ದೂ ಅದೇ ದಿನ. ಆಗ ಸಭೆಯಲ್ಲಿ ಮೊಳಗಿದ ಘೋಷಣೆ "ಮಹಾತ್ಮ ಗಾಂಧಿ ಕಿ ಜೈ"! ಕರಡು ಬರೆದವರು ಅಲ್ಲೇ ಕೂತಿದ್ದರು. ಇರಲಿ, ಆ ಜಗಳ ಇನ್ನೊಂದು ದಿನಕ್ಕೆ. ಮುಂದೆ 1955ರ ಕಾಯ್ದೆಯಲ್ಲಿ ಅಂಗಡಿಗೆ ಬಿಡದಿರುವುದೂ, ಸಾಮಾನು ಮಾರಲು ನಿರಾಕರಿಸುವುದೂ ಶಿಕ್ಷಾರ್ಹ ಅಪರಾಧವಾದವು.

ಹಾಗಾದರೆ ಮಡಿ ವಿಜ್ಞಾನ ಅಲ್ಲವಾ? ಸಾಂಕ್ರಾಮಿಕದಿಂದ ಅದು ಯಾರನ್ನಾದರೂ ಕಾಪಾಡಿದೆಯಾ? ಇದಕ್ಕೆ ಹಳೆಯ ಪ್ಲೇಗನ್ನೇ ಕೇಳೋಣ. 1896ರ ಸೆಪ್ಟೆಂಬರಿನಲ್ಲಿ ಬಾಂಬೆಯ ಡಾ. ವೀಗಾಸ್ ಪ್ಲೇಗನ್ನು ಗುರುತಿಸಿದ್ದು ಮಾಂಡ್ವಿಯಲ್ಲಿ. ಮಾಂಡ್ವಿ ಅಂದರೆ ಬಂದರಿನ ಪಕ್ಕದ ಕಾಳು-ಕಡ್ಡಿಯ ಗೋದಾಮುಗಳ ಪ್ರದೇಶ, ಇಡೀ ಪ್ರಾಂತ್ಯದ ದೊಡ್ಡ ದಿನಸಿ ಅಂಗಡಿ ಅನ್ನಿ. ಮೂಟೆಗಳ ನಡುವೆ ಇಲಿಗಳು ಸತ್ತು ಬೀಳುತ್ತಿದ್ದವು. ಸರ್ಕಾರ ಮಾತ್ರ ಮನೆಗಳಿಗೆ ನುಗ್ಗಿ ಔಷಧಿ ಸುರಿದು, ಬಡವರ ಬಟ್ಟೆ-ಹಾಸಿಗೆ ಸುಟ್ಟು, ಜನರನ್ನು ಎಳೆದುಕೊಂಡು ಹೋಯಿತು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. 2020ರಲ್ಲಿ ದೇಶ ಬಳಸಿದ್ದೂ ಅದೇ ಕಾಯ್ದೆಯನ್ನೇ. 1898ರಲ್ಲಿ ಪಾಲ್-ಲೂಯಿ ಸಿಮಂಡ್ ಕರಾಚಿಯಲ್ಲಿ ಪ್ರಯೋಗ ಮಾಡಿ ರೋಗ ಹರಡೋದು ಇಲಿಯ ಮೈಮೇಲಿನ ಚಿಗಟದಿಂದ ಎಂದು ತೋರಿಸಿದ. ಅದನ್ನು ಒಪ್ಪಿಕೊಳ್ಳೋಕೆ ಇನ್ನೂ ಎಷ್ಟೋ ವರ್ಷ ಬೇಕಾಯಿತು. ಅದೇ 1898ರಲ್ಲಿ ಬೆಂಗಳೂರಿಗೂ ಪ್ಲೇಗು ಬಂತು. ಮಡಿ ಉಟ್ಟವರ ಬೀದಿಯಲ್ಲೂ ಜನ ಸತ್ತರು. ಚಿಗಟಕ್ಕೆ ಜಗಲಿ ಮೇಲೆ, ಜಗಲಿ ಕೆಳಗೆ ಅನ್ನೋ ಭೇದ ಇಲ್ಲ.

ಆ ಪ್ಲೇಗಿನಲ್ಲಿ ಮುಟ್ಟಿದವರು ಯಾರು ಅಂತಲೂ ನೆನಪಿರಲಿ. ಸಾವಿತ್ರಿಬಾಯಿ ಫುಲೆ ಪುಣೆಯ ಹತ್ತಿರದ ಮುಂಢ್ವಾದ ಮಹಾರ್ ಕೇರಿಯಿಂದ ಪ್ಲೇಗು ತಗುಲಿದ ಹುಡುಗನನ್ನು ಹೊತ್ತುಕೊಂಡು ಮಗ ಯಶವಂತನ ಆಸ್ಪತ್ರೆಗೆ ತಂದರು. ಅವರಿಗೂ ರೋಗ ಅಂಟಿತು. 1897ರ ಮಾರ್ಚ್ 10ರಂದು ತೀರಿಕೊಂಡರು.

ಕೊರೊನಾದಲ್ಲೂ ಪ್ಲೇಗಿನ ಕತೆಯೇ ಮರುಕಳಿಸಿತು. ಶುರುವಿನಲ್ಲಿ ವೈರಸ್ ಮುಟ್ಟಿದ ವಸ್ತುವಿನಿಂದ ಹರಡುತ್ತೆ ಅನ್ನೋ ಭಯ ಇತ್ತು. ಗೊತ್ತಿಲ್ಲದ ರೋಗ, ಭಯಪಟ್ಟಿದ್ದು ತಪ್ಪಲ್ಲ. ಆದರೆ 2020ರ ಜುಲೈನಲ್ಲೇ 239 ವಿಜ್ಞಾನಿಗಳು ಬಹಿರಂಗ ಪತ್ರ ಬರೆದರು: ಇದು ಗಾಳಿಯಲ್ಲಿ ಹರಡುತ್ತದೆ, ಗಾಳಿಯಾಡದ ಕೋಣೆಗಳ ಬಗ್ಗೆ ಯೋಚಿಸಿ ಎಂದು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ಸಿಡಿಸಿ ಲೆಕ್ಕ ಹೇಳಿತು: ವೈರಸ್ ಕೂತ ವಸ್ತುವನ್ನು ಒಮ್ಮೆ ಮುಟ್ಟಿದರೆ ಸೋಂಕು ತಗಲುವ ಸಂಭವ ಸಾಮಾನ್ಯವಾಗಿ 10,000ಕ್ಕೆ 1ಕ್ಕಿಂತ ಕಡಿಮೆ. ಅಂದರೆ ರೋಗ ಇದ್ದದ್ದು ಮುಖ್ಯವಾಗಿ ಉಸಿರಿನಲ್ಲಿ. ನಾವು ಹೆಚ್ಚು ಹೆದರಿದ್ದು ಮುಟ್ಟಿಗೆ. ಯಾಕೆ? ನನ್ನ ಉತ್ತರ ಇದು: ಮುಟ್ಟಿಗೆ ಹೆದರುವ ಏರ್ಪಾಡು ಈ ದೇಶದಲ್ಲಿ ರೆಡಿ ಇತ್ತು. ನಾಣ್ಯಕ್ಕೆ ನೀರು ಚಿಮುಕಿಸಿದ ಕೈಗೆ ಸ್ಯಾನಿಟೈಸರ್ ಬಾಟ್ಲಿ ಸಲೀಸಾಗಿ ಹೊಂದಿಕೊಂಡಿತು. ಕಿಟಕಿ ತೆಗೆಯೋದು, ಫ್ಯಾನ್ ತಿರುಗಿಸಿ ಒಳಗಿನ ಗಾಳಿ ಹೊರಗೆ ಹಾಕೋದು, ಒಳ್ಳೆ ಮಾಸ್ಕ್ ಕೊಡೋದು ಮಾತ್ರ ಯಾರ ಸಂಪ್ರದಾಯದಲ್ಲೂ ಇರಲಿಲ್ಲ.

ಆ ಚೌಕಗಳನ್ನೇ ನೋಡಿ. ಅವು ಇದ್ದದ್ದು ಬಿಸಿಲು-ಗಾಳಿಯ ಬಯಲಲ್ಲಿ, ಅಂದರೆ ಅಪಾಯ ಕಡಿಮೆ ಇದ್ದ ಕಡೆ. ಗಿರಾಕಿ ಅಲ್ಲಿ ನಿಲ್ಲೋದು ಕಾಲು ಗಂಟೆ. ಅಂಗಡಿ ಹಿಂದಿನ ಕತ್ತಲೆ ಕೋಣೆಯಲ್ಲಿ, ಒಂದೇ ಬಾಗಿಲು, ಅದಕ್ಕೂ ಮೂಟೆ ಅಡ್ಡ, ಬೇಳೆ ತೂಗಿ ಪ್ಯಾಕೆಟ್ ಕಟ್ಟೋ ಹುಡುಗರು ಮೂರ್ನಾಲ್ಕು ಜನ ಬೆಳಗ್ಗೆಯಿಂದ ಸಂಜೆತನಕ ಒಬ್ಬರ ಉಸಿರು ಒಬ್ಬರು ಕುಡೀತಾ ಇರ್ತಿದ್ದರು. ಅವರಿಗೆ ಚೌಕ ಬರೆದವರು ಯಾರು? ಮಾರ್ಗಸೂಚಿಯಲ್ಲಿ 5 ಜನ ಗಿರಾಕಿಗಳ ಲೆಕ್ಕ ಇತ್ತು. ಕೆಲಸದ ಹುಡುಗನಿಗೆ ಜ್ವರ ಬಂದರೆ 14 ದಿನದ ಕೂಲಿ ಯಾರು ಕೊಡಬೇಕು ಅನ್ನೋ ಲೆಕ್ಕ ಇರಲಿಲ್ಲ. ಕೂಲಿ ಹೋಗುತ್ತೆ ಅಂದ್ರೆ ಯಾವನು ಜ್ವರ ಇದೆ ಅಂತ ಹೇಳ್ತಾನೆ? ಪ್ಯಾರಸಿಟಮಾಲ್ ನುಂಗಿ ಬರ್ತಾನೆ. ಬಂದರು ಕೂಡ. ಸಂಬಳ ಕಡಿತ ಮಾಡಬೇಡಿ ಎಂದು ಮಾರ್ಚ್ 29ರಂದು ಹೊರಡಿಸಿದ್ದ ಆದೇಶವನ್ನು ಮೇ 18ರಿಂದ ಕೇಂದ್ರವೇ ಹಿಂದಕ್ಕೆ ತಗೊಂಡಿತು.

ಚೆನ್ನೈನ ಕೊಯಂಬೇಡು ಇದರ ದೊಡ್ಡ ಉದಾಹರಣೆ. ನೂರಾರು ಎಕರೆಯ ಸಗಟು ಮಾರುಕಟ್ಟೆ, ಸಾವಿರಾರು ಹಮಾಲಿಗಳು. 2020ರ ಏಪ್ರಿಲ್ ಕೊನೆಗೆ ಅಲ್ಲಿ ಸೋಂಕು ಕಂಡಿತು, ಮೇ 5ಕ್ಕೆ ಮುಚ್ಚಿ ವ್ಯಾಪಾರವನ್ನು ಊರಾಚೆ ತಿರುಮಳಿಸೈಗೆ ಹಾಕಿದರು. ಅಷ್ಟರಲ್ಲಿ ಕೆಲಸ ಕಳಕೊಂಡ ಹಮಾಲಿಗಳು ತಮ್ಮ ತಮ್ಮ ಜಿಲ್ಲೆಗಳಿಗೆ ಹೊರಟಿದ್ದರು, ರೋಗವೂ ಜೊತೆಗೆ ಹೋಯಿತು. ಪತ್ರಿಕೆಗಳು "ಕೊಯಂಬೇಡು ಕ್ಲಸ್ಟರ್" ಅಂತ ಬರೆದವು, ಅವರೇ ತಂದು ಹಚ್ಚಿದವರ ಹಾಗೆ. ಮೊದಲೇ ಮಾರುಕಟ್ಟೆಯನ್ನು ಬಯಲಲ್ಲಿ ಹಂಚಿ ಹಾಕಿ, ಹಮಾಲಿಗೆ ಮಾಸ್ಕು, ರಜೆ ಕೂಲಿ, ಊಟ ಕೊಟ್ಟಿದ್ದರೆ ಏನಾಗ್ತಿತ್ತು ಅಂತ ಯಾರೂ ಕೇಳಲಿಲ್ಲ. ಆರೋಗ್ಯ ಸಿಬ್ಬಂದಿಗೆ 50 ಲಕ್ಷದ ವಿಮೆ ಘೋಷಣೆಯಾಯಿತು, ಆಗಬೇಕಾದ್ದೇ. ಊಟದ ಸಾಮಾನು ಹೊತ್ತವರಿಗೆ ಅದು ಇರಲಿಲ್ಲ. ಲಸಿಕೆ ಬಂದಾಗ ಅಮೆರಿಕದ ಸಲಹಾ ಸಮಿತಿ ದಿನಸಿ ಅಂಗಡಿ ನೌಕರರನ್ನು ಎರಡನೇ ಸಾಲಿನಲ್ಲೇ ಸೇರಿಸಿತು. ನಮ್ಮ ಕೇಂದ್ರದ ಮೊದಲ ಪಟ್ಟಿಗಳಲ್ಲಿ ಆಸ್ಪತ್ರೆ, ಪೊಲೀಸು, ಪೌರಕಾರ್ಮಿಕರು ಇದ್ದರು. 25 ವರ್ಷದ ಅಂಗಡಿ ಹುಡುಗನ ಸರದಿ ಬಂದದ್ದು 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯ ಹೆಣಗಳ ನಡುವೆ.

ನಾನೂ ಆ ಚೌಕಗಳಲ್ಲಿ ನಿಂತಿದ್ದೀನಿ, ನಮ್ಮ ಸಂಘದವರಿಗೂ ನಿಲ್ಲಿ ಅಂತಾನೇ ಹೇಳಿದ್ದೀನಿ. ರೋಗದ ಅಂತರಕ್ಕೂ ಜಾತಿಯ ಅಂತರಕ್ಕೂ ಇರೋ ವ್ಯತ್ಯಾಸ ಆ ಸಾಲಲ್ಲೇ ಕಾಣ್ತಿತ್ತು. ಅಲ್ಲಿ ಗೌಡರ ಮನೆಯವರೂ ಒಂದು ಚೌಕ, ನಮ್ಮವ್ವನೂ ಒಂದು ಚೌಕ. ಅವರಿಂದ ನನಗೆ ಬರಬಹುದು, ನನ್ನಿಂದ ಅವರಿಗೆ ಬರಬಹುದು. ಜಗಲಿಯ ಅಂತರದಲ್ಲಿ ಅಪಾಯ ಒಂದೇ ಕಡೆಯಿಂದ, ಅದೂ ಹುಟ್ಟಿನಿಂದ. ಜಗಲಿ ಮೇಲೆ ಕೂತವನು ಕೆಮ್ಮಿದರೂ ಅವನಿಂದ ಮೈಲಿಗೆ ಇಲ್ಲ. ಅವನ ಅಕ್ಕಿ ಬೆಳೆದ, ಮೂಟೆ ಹೊತ್ತ, ಕಸ ಗುಡಿಸಿದ ಕೈ ಬೇಕು, ಆ ಕೈಯಿಂದ ಕಾಸು ಮಾತ್ರ ಬೇಡ. ಇದನ್ನ ವಿಜ್ಞಾನ ಅಂತ ಕರೆಯೋರು ಯಾವ ರೋಗಕ್ಕೆ ಈ ಲಕ್ಷಣ ಇದೆ ಅಂತ ತೋರಿಸಲಿ.

ಚೌಕಗಳು ಒಂದು ಮಳೆಗಾಲಕ್ಕೆ ಅಳಿಸಿಹೋದವು. ಪೈಪುಗಳನ್ನ ಬಿಚ್ಚಿ ಗುಜರಿಗೆ ಹಾಕಿದರು. 2024ರ ಸೆಪ್ಟೆಂಬರಿನಲ್ಲಿ ಯಾದಗಿರಿ ಜಿಲ್ಲೆ ಹುಣಸಗಿ ತಾಲ್ಲೂಕಿನ ಒಂದು ಊರಲ್ಲಿ ದಲಿತ ಕುಟುಂಬವೊಂದು ತಮ್ಮ ಮಗಳಿಗಾದ ಅನ್ಯಾಯದ ಬಗ್ಗೆ ಪೊಲೀಸರಿಗೆ ದೂರು ಕೊಟ್ಟಿತು. ಕೇರಿಗೆ ಕೇರಿಯನ್ನೇ ಊರಿನ ಅಂಗಡಿಗಳಿಂದ ದೂರ ಇಟ್ಟರು ಎಂದು ಪತ್ರಿಕೆಗಳು ವರದಿ ಮಾಡಿದವು. ದಿನಸಿ ಇಲ್ಲ, ಕಟಿಂಗ್ ಇಲ್ಲ, ಶಾಲೆ ಮಕ್ಕಳಿಗೆ ಪೆನ್ನು-ನೋಟುಪುಸ್ತಕವೂ ಇಲ್ಲ. ಆಗ ಆ ಊರಲ್ಲಿ ಯಾವ ವೈರಸ್ಸೂ ಇರಲಿಲ್ಲ.