ನಾಣ್ಯಗಳ ಸಂರಕ್ಷಣೆ: ಹಾನಗಲ್ಲು–ಸವಣೂರು ಪ್ರದೇಶವನ್ನು ಕುರಿತು ಒಂದು ವಿಚಾರ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳು 1997ರಲ್ಲಿ ರಚಿತವಾದ ಹಾವೇರಿ ಜಿಲ್ಲೆಗೆ ಸೇರಿವೆ. ಅದಕ್ಕೆ ಮೊದಲು ಇವು ಧಾರವಾಡ ಜಿಲ್ಲೆಯಲ್ಲಿದ್ದವು. ಪಾನುಂಗಲ್ಲು ಐನೂರು, ಬನವಾಸಿ ಪನ್ನಿರ್ಛಾಸಿರ ಎಂಬ ಪ್ರಾಚೀನ ನಾಡುಗಳ ಹೆಸರಿನಿಂದ ಇತಿಹಾಸಜ್ಞರಿಗೆ ಪರಿಚಿತವಾದ ಈ ಸೀಮೆಯಲ್ಲಿ ಶಾಸನಗಳು ವಿಪುಲವಾಗಿ ದೊರೆತಿವೆ. ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನ ಶಾಸನಗಳನ್ನು ಫ್ಲೀಟರು ಸಂಪಾದಿಸಿ ಪ್ರಕಟಿಸಿದುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯವೇ. ಇಂಥ ಶಾಸನಗಳ ದತ್ತಿಭಾಗದಲ್ಲಿ ಗದ್ಯಾಣ, ಪಣ, ಹಾಗ, ಬೇಳೆ, ವೀಸಗಳ ಲೆಕ್ಕ ಬರುತ್ತದೆ. ಆದರೆ ಶಾಸನವು ಎಣಿಸಿ ಹೇಳುವ ನಾಣ್ಯಕ್ಕೂ ನಮ್ಮ ಕೈಗೆ ಬರುವ ನಾಣ್ಯಕ್ಕೂ ಸಂಬಂಧ ಕಲ್ಪಿಸುವುದು ಸುಲಭವಲ್ಲ. ಕಲ್ಲು ನೆಟ್ಟಲ್ಲಿಯೇ ನಿಲ್ಲುತ್ತದೆ. ನಾಣ್ಯ ಕೈಯಿಂದ ಕೈಗೆ ಸಾಗುತ್ತದೆ.

ಇದರ ಪರಿಣಾಮವನ್ನು ಹಾನಗಲ್ಲ ಕದಂಬರ ನಾಣ್ಯಗಳಲ್ಲಿ ಕಾಣಬಹುದು. ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿದ್ದ ಈ ಅರಸರ ಧ್ವಜದಲ್ಲಿ ವಾನರನ ಚಿತ್ರವಿತ್ತು. ಈ ಕಾರಣದಿಂದ ಹನುಮಂತನ ಆಕೃತಿಯುಳ್ಳ ಕೆಲವು ಚಿನ್ನದ ನಾಣ್ಯಗಳನ್ನು ವಿದ್ವಾಂಸರು ಇವರವೆಂದು ಎಣಿಸಿದ್ದಾರೆ. ಊಹೆ ಸಮಂಜಸವಾದುದೇ. ಆದರೆ ವಿಜಯನಗರದ ಒಂದನೆಯ ಹರಿಹರ ಮತ್ತು ಒಂದನೆಯ ಬುಕ್ಕರ ನಾಣ್ಯಗಳಲ್ಲಿಯೂ ಹನುಮಂತನ ಆಕೃತಿಯುಂಟು. ಅಲ್ಲಿ ಅರಸನ ಹೆಸರು ಬರೆದಿರುವುದರಿಂದ ಸಂದೇಹಕ್ಕೆ ಎಡೆಯಿಲ್ಲ. ಹೆಸರಿಲ್ಲದ, ಇಲ್ಲವೆ ಅಕ್ಷರ ಸವೆದ ನಾಣ್ಯದ ವಿಷಯದಲ್ಲಿ, ಅದು ಯಾವ ಊರಿನಲ್ಲಿ, ಯಾವ ನಾಣ್ಯಗಳ ಜೊತೆಗೆ ದೊರೆಯಿತೆಂಬುದೇ ನಿರ್ಣಾಯಕವಾದ ಸಾಕ್ಷ್ಯ.

ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಮತ್ತು ಸವಣೂರುಗಳ ಸ್ಥಿತಿ ಇನ್ನೂ ತೊಡಕಿನದು. ಸವಣೂರಿನ ನವಾಬರ ಕಾಲದ ಹೊನ್ನುಗಳು ನಾಣ್ಯಶಾಸ್ತ್ರಜ್ಞರಿಗೆ ಪರಿಚಿತವಾಗಿವೆ. 1756ರಲ್ಲಿ ಪೇಶ್ವೆಯೂ ನಿಜಾಮನೂ ಕೂಡಿ ಸವಣೂರನ್ನು ಮುತ್ತಿದರು. 1786ರಲ್ಲಿ ಟಿಪ್ಪು ಸುಲ್ತಾನನು ಅದನ್ನು ವಶಪಡಿಸಿಕೊಂಡನು. ಹೀಗೆ ಸೇನೆಗಳು ಬಂದುಹೋದ ನಾಡಿನಲ್ಲಿ ಹಲವು ಅರಸರ ಹಣ ಒಂದೇ ಗಡಿಗೆಯಲ್ಲಿ ಸೇರುವುದು ಸಹಜ. ಆ ಗಡಿಗೆ ಒಡೆದು ನಾಣ್ಯಗಳು ಹಂಚಿಹೋದರೆ, ಯಾವುದು ಯಾವುದರೊಡನೆ ಚಲಾವಣೆಯಲ್ಲಿತ್ತೆಂಬುದನ್ನು ಮತ್ತೆ ತಿಳಿಯಲಾಗದು.

ನಮ್ಮ ಹಿರಿಯರು ಹಣವನ್ನು ಕಾಪಾಡಿದ್ದು ಬೆಲೆಗಾಗಿ, ಇತಿಹಾಸಕ್ಕಾಗಿ ಅಲ್ಲ. ಮಣ್ಣಿನ ಗಡಿಗೆ, ತಾಮ್ರದ ತಂಬಿಗೆ, ಸೊಂಟಕ್ಕೆ ಕಟ್ಟುವ ಜಾಳಿಗೆ, ದೇವರ ಜಗಲಿಯ ಪೆಟ್ಟಿಗೆ ಇವೇ ಅವರ ಭಂಡಾರಗಳು. ಕೆಲವು ನಾಣ್ಯಗಳು ಕೊಂಡಿ ಬೆಸೆಯಿಸಿಕೊಂಡು ಕೊರಳ ಸರಗಳಾದವು. ಹಲವು ಅಕ್ಕಸಾಲಿಗನ ಮೂಸೆಯಲ್ಲಿ ಕರಗಿದವು. ಪೂಜೆಯ ದಿನ ಹುಣಸೆಹಣ್ಣಿನಿಂದ ತಿಕ್ಕಿದ ತಾಮ್ರದ ಕಾಸು ಹೊಳೆಯಿತೇ ಹೊರತು ಅದರ ಅಕ್ಷರಗಳು ಉಳಿಯಲಿಲ್ಲ.

ಇಂದಿನ ಸಂಗ್ರಾಹಕನ ಕಷ್ಟ ಬೇರೆ ಬಗೆಯದು. ನಾಣ್ಯಗಳನ್ನಿಡುವ ಒಳ್ಳೆಯ ಆಲ್ಬಮ್ ತಾಲ್ಲೂಕಿನ ಪೇಟೆಯಲ್ಲಿ ಸಿಕ್ಕೇ ಸಿಗುವುದೆಂದು ನಂಬುವಂತಿಲ್ಲ. ಸಿಕ್ಕಿದ್ದೆಲ್ಲ ಯೋಗ್ಯವೂ ಅಲ್ಲ. ಪಿ.ವಿ.ಸಿ. ಎಂಬ ಮೃದುವಾದ ಪ್ಲಾಸ್ಟಿಕ್ಕಿನ ಹಾಳೆಗಳು ಕಾಲಕ್ರಮದಲ್ಲಿ ಆಮ್ಲವನ್ನು ಹೊರಸೂಸಿ ತಾಮ್ರದ ಮೇಲೆ ಹಸಿರಾದ ಅಂಟನ್ನು ಉಂಟುಮಾಡುತ್ತವೆ. ಗಂಧಕದ ಅಂಶವಿರುವ ಕಾಗದ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಓಕ್ ಮರದ ಪೆಟ್ಟಿಗೆಯ ಆವಿಯಿಂದ ಸೀಸದ ನಾಣ್ಯ ಕ್ಷಯಿಸುತ್ತದೆ. ಅಳತೆಯ ತೊಡಕೂ ಉಂಟು. ಸುಮಾರು 30 ಮಿಲಿಮೀಟರ್ ಅಗಲದ ಬ್ರಿಟಿಷ್ ರೂಪಾಯಿಗೆ ಹೊಂದುವ ಜೇಬಿನಲ್ಲಿ, ಒಂದು ಸೆಂಟಿಮೀಟರಿಗಿಂತಲೂ ಕಿರಿದಾದ ಚಿನ್ನದ ಹಣ ನಿಲ್ಲದೆ ಜಾರಿಬೀಳುತ್ತದೆ. ಆ ಆಲ್ಬಮ್ಮುಗಳು ನಮ್ಮ ಹಣವನ್ನು ನೋಡಿ ಮಾಡಿದವುಗಳಲ್ಲ.

ಆದುದರಿಂದ ಪೇಟೆಯನ್ನೇ ನಂಬಿ ಕುಳಿತುಕೊಳ್ಳುವುದು ಸರಿಯಲ್ಲ. ಆಮ್ಲರಹಿತ ಕಾಗದದ ಚಿಕ್ಕ ಲಕೋಟೆ, ಒಂದು ಲಕೋಟೆಗೆ ಒಂದೇ ನಾಣ್ಯ, ತೇವವಿಲ್ಲದ ಪೆಟ್ಟಿಗೆ ಇಷ್ಟರಿಂದಲೇ ಬಹುಮಟ್ಟಿನ ರಕ್ಷಣೆ ದೊರೆಯುತ್ತದೆ. ನಾಣ್ಯವನ್ನು ಅಂಚಿನಿಂದ ಹಿಡಿಯಬೇಕು, ತಿಕ್ಕಬಾರದು. ಲಕೋಟೆಯ ಮೇಲೆ ಊರು, ಪಡೆದ ದಿನಾಂಕ, ತೂಕ, ವ್ಯಾಸ, ಜೊತೆಯಲ್ಲಿ ದೊರೆತ ವಸ್ತುಗಳು ಇವನ್ನು ನಾಣ್ಯವನ್ನು ಒಳಗಿಡುವ ಮೊದಲೇ ಬರೆಯಬೇಕು. ಆಲ್ಬಮ್ಮಿನ ಜೇಬಿನಲ್ಲಿ ಸ್ವಚ್ಛವಾಗಿ ಹೊಳೆಯುವ, ಆದರೆ ಊರು ತಿಳಿಯದ ನಾಣ್ಯಕ್ಕಿಂತ, ಈ ಬರೆಹವುಳ್ಳ ಕಿಲುಬುಹಿಡಿದ ನಾಣ್ಯ ಇತಿಹಾಸಕ್ಕೆ ಹೆಚ್ಚಿನದು.

ನೆಲದಲ್ಲಿ ದೊರೆತ ನಿಧಿಯ ಮಾತು ಬೇರೆ. 1878ರ ಭಾರತೀಯ ನಿಧಿ ಕಾಯಿದೆಯು ಹತ್ತು ರೂಪಾಯಿಗಿಂತ ಹೆಚ್ಚಿನ ಬೆಲೆಯ ನಿಧಿಯ ಸ್ವರೂಪ, ಮೊತ್ತ, ದೊರೆತ ಸ್ಥಳಗಳನ್ನು ಕಲೆಕ್ಟರರಿಗೆ ಬರೆದು ತಿಳಿಸಬೇಕೆಂದು ವಿಧಿಸಿತು. ನಮ್ಮ ರಾಜ್ಯವು 1962ರಲ್ಲಿ ತನ್ನದೇ ಕಾಯಿದೆಯನ್ನು ಮಾಡಿಕೊಂಡಿತು. ಕಾಯಿದೆ ಕೇಳಿದ ವಿವರಗಳೂ ಇತಿಹಾಸಕಾರನು ಕೇಳುವ ವಿವರಗಳೂ ಬಹುಮಟ್ಟಿಗೆ ಒಂದೇ ಎಂಬುದು ಗಮನಾರ್ಹ. ಅಂಥ ಗಡಿಗೆ ಕಂಡುಬಂದ ಊರಿನ ಅಧ್ಯಾಪಕನು, ನಾಣ್ಯಗಳು ಚದುರುವ ಮುನ್ನವೇ ಅಧಿಕಾರಿಗಳಿಗೆ ತಿಳಿಯುವಂತೆ ಮಾಡುವುದು ಉಚಿತ.

ಹಾನಗಲ್ಲ ಕದಂಬರ ನಾಣ್ಯಗಳ ಪ್ರಶ್ನೆ ಬಿಡಿಸಲು ಹೊಸ ಶಾಸನವೇ ಬೇಕೆಂದಿಲ್ಲ. ಊರಿನ ಹೆಸರು ಬರೆದ ಒಂದು ಲಕೋಟೆ, ಅದರೊಳಗೆ ಒಂದು ಹನುಮಂತನ ಗದ್ಯಾಣ ಇಷ್ಟು ಸಾಕಾಗಬಹುದು.