ಪಥ್ಯವೂ ಪ್ರಿಯವೂ: ಮಂಗಳೂರಿನ ಪರಾಶ್ರಿತರ ಊಟದ ವಿಚಾರ

ಆಸ್ಪತ್ರೆ, ಅನಾಥಾಲಯ, ಕುಷ್ಠಾಶ್ರಮ, ವೃದ್ಧಾಶ್ರಮ ಮೊದಲಾದ ಸಂಸ್ಥೆಗಳಲ್ಲಿ ಅನ್ಯರ ಪೋಷಣೆಗೆ ಒಳಪಟ್ಟು ಬಾಳುವವರನ್ನು ಈ ಲೇಖನದಲ್ಲಿ ಪರಾಶ್ರಿತರೆಂದು ಕರೆದಿದ್ದೇವೆ. ಇಂಥವರ ಊಟದ ಪ್ರಸ್ತಾಪ ಬಂದಾಗ, ಎಷ್ಟು ಕೊಡಲಾಯಿತು, ಯಾರು ಕೊಟ್ಟರು ಎಂಬ ವಿಚಾರವೇ ಸಾಮಾನ್ಯವಾಗಿ ಮುಂದೆ ನಿಲ್ಲುತ್ತದೆ. ಏನನ್ನು ಉಣ್ಣಬೇಕೆಂದು ನಿಶ್ಚಯಿಸಿದವರು ಯಾರು ಎಂಬ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಆ ಪ್ರಶ್ನೆಯನ್ನು ಮಂಗಳೂರು ನಗರಕ್ಕೆ ಸಂಬಂಧಿಸಿದಂತೆ ಇಲ್ಲಿ ವಿಚಾರಿಸಹೊರಟಿದ್ದೇವೆ. ತುಳು, ಕೊಂಕಣಿ, ಬ್ಯಾರಿ, ಕನ್ನಡ ಈ ನಾಲ್ಕು ಮಾತುಗಳು ಒಂದೇ ಬೀದಿಯಲ್ಲಿ ಕೇಳಿಬರುವ ಊರಿದು. ಒಂದು ಮನೆಯಲ್ಲಿ ಕುಚ್ಚಲಕ್ಕಿ, ನೆರೆಮನೆಯಲ್ಲಿ ಬೆಳ್ತಿಗೆ. ಒಬ್ಬರಿಗೆ ಮೀನಿಲ್ಲದೆ ತುತ್ತು ಇಳಿಯದು, ಮತ್ತೊಬ್ಬರಿಗೆ ಅದರ ವಾಸನೆಯೇ ಸಲ್ಲದು. ಇಂಥ ಊರಿನಲ್ಲಿ ನೂರು ಮಂದಿಗೆ ಒಂದೇ ಹಂಡೆಯಲ್ಲಿ ಬೇಯಿಸಹೊರಟವರು ಈ ಪ್ರಶ್ನೆಯನ್ನು ಎದುರಿಸದೆ ಇರಲಾರರು.

ಮೊದಲು ಒಂದು ಹಳೆಯ ಶಬ್ದವನ್ನು ಪರಿಶೀಲಿಸೋಣ. ರೋಗಿಯ ಆಹಾರಕ್ಕೆ ನಮ್ಮವರು ಪಥ್ಯವೆನ್ನುತ್ತಾರೆ. ಇಂದಿನ ಬಳಕೆಯಲ್ಲಿ ಪಥ್ಯವೆಂದರೆ ನಿಷೇಧವೆಂದೇ ಅರ್ಥ: ಉಪ್ಪು ಬೇಡ, ಹುಳಿ ಬೇಡ, ಖಾರ ಬೇಡ. ಆದರೆ ಚರಕಸಂಹಿತೆಯ ಸೂತ್ರಸ್ಥಾನವು ಪಥ್ಯದ ಲಕ್ಷಣವನ್ನು ಹೇಳುವಾಗ ಎರಡು ಅಂಗಗಳನ್ನು ಹೇಳುತ್ತದೆ. ದೇಹಕ್ಕೆ ಹಿತವಾಗಿರುವುದು ಒಂದು, ಮನಸ್ಸಿಗೆ ಪ್ರಿಯವಾಗಿರುವುದು ಇನ್ನೊಂದು. ಮಂಗಳೂರಿನ ಆಶ್ರಯಸಂಸ್ಥೆಗಳ ಚರಿತ್ರೆಯಲ್ಲಿ ಮೊದಲನೆಯ ಅಂಗ ಬಲಿಯುತ್ತ ಬಂದಿತು; ಎರಡನೆಯದು ಕ್ರಮೇಣ ಕೊಡುವವನ ಮರ್ಜಿಗೆ ಬಿದ್ದಿತು. ಇದು ನಮ್ಮ ಅಭಿಪ್ರಾಯ. ಅದಕ್ಕೆ ಆಧಾರವೇನೆಂಬುದನ್ನು ಮುಂದೆ ನೋಡಬಹುದು.

ಆಧುನಿಕ ಸಂಸ್ಥೆಗಳಿಗೆ ಪೂರ್ವದಲ್ಲಿ ದೇವಾಲಯ, ಮಠ, ಛತ್ರಗಳಲ್ಲಿ ಪರಸ್ಥಳದವರಿಗೆ ಉಣ್ಣಿಸುವ ಪದ್ಧತಿ ಎರಡು ಬಗೆಯಾಗಿತ್ತು. ಪಂಕ್ತಿಯಲ್ಲಿ ಕುಳ್ಳಿರಿಸಿ ಬೆಂದ ಅನ್ನವನ್ನು ಬಡಿಸುವುದು ಒಂದು ಬಗೆ. ಅಕ್ಕಿ, ಬೇಳೆ, ತೆಂಗಿನಕಾಯಿ, ತರಕಾರಿ, ಉಪ್ಪು, ಸೌದೆಗಳನ್ನು ಕೊಟ್ಟು ಅತಿಥಿಯೇ ಬೇಯಿಸಿಕೊಳ್ಳುವಂತೆ ಬಿಡುವುದು ಇನ್ನೊಂದು. ಇದಕ್ಕೆ ಸ್ವಯಂಪಾಕವೆಂದು ಹೆಸರು. ಸ್ವಯಂಪಾಕದ ಮೂಲ ಮಡಿಮೈಲಿಗೆಯ ವಿಚಾರದಲ್ಲಿದೆ. ಅದನ್ನು ವ್ಯಕ್ತಿಸ್ವಾತಂತ್ರ್ಯದ ಸಂಸ್ಥೆಯೆಂದು ಹೊಗಳಹೊರಟರೆ ಚರಿತ್ರೆಗೆ ಅಪಚಾರವಾದೀತು. ಆದರೂ ಪರಿಣಾಮವನ್ನು ಗಮನಿಸಬೇಕು. ದಾನಿಯ ಅಧಿಕಾರ ಪದಾರ್ಥಗಳನ್ನು ಅಳೆದು ಕೊಡುವಲ್ಲಿಗೆ ಮುಗಿಯುತ್ತಿತ್ತು. ಸಾರಿಗೆ ಹುಳಿ ಎಷ್ಟು, ಅನ್ನ ಮುದ್ದೆಯೋ ಉದುರೋ, ಯಾವ ಹೊತ್ತಿಗೆ ಊಟ ಎಂಬುದನ್ನೆಲ್ಲ ಉಣ್ಣುವವನೇ ತೀರ್ಮಾನಿಸುತ್ತಿದ್ದನು.

ಇದಕ್ಕೆ ಹೋಲುವ ಒಂದು ಪ್ರಸಂಗ ಉತ್ತರ ಹಿಂದೂಸ್ಥಾನದ ಬಂದೀಖಾನೆಗಳಲ್ಲಿ ನಡೆಯಿತು. ಸೆರೆಯಾಳೂ ಒಂದರ್ಥದಲ್ಲಿ ಪರಾಶ್ರಿತನೇ ಆದ್ದರಿಂದ ಅದನ್ನಿಲ್ಲಿ ಸ್ಮರಿಸುವುದು ಅಪ್ರಸ್ತುತವಾಗದು. ಅಲ್ಲಿಯ ಕೈದಿಗಳಿಗೆ ಮೊದಲು ಊಟದ ಬಾಬ್ತು ಹಣ ಸಲ್ಲುತ್ತಿತ್ತು. ಪದಾರ್ಥ ಕೊಂಡು ತಾವೇ ಅಡುಗೆ ಮಾಡಿಕೊಳ್ಳುತ್ತಿದ್ದರು. 1840ರ ದಶಕದಲ್ಲಿ ಕಂಪೆನಿ ಸರಕಾರವು ಇದನ್ನು ನಿಲ್ಲಿಸಿ ಸಾಮೂಹಿಕ ಅಡುಗೆಯನ್ನು ಜಾರಿಗೆ ತಂದಿತು. ಅನೇಕ ಕಡೆ ಗಲಭೆಗಳಾದವು. 1855ರಲ್ಲಿ ಬಿಹಾರದ ಆರಾ ಮತ್ತು ಮುಜಫ್ಫರಪುರಗಳಲ್ಲಿ ಕೈದಿಗಳ ಹಿತ್ತಾಳೆಯ ಚೊಂಬುಗಳನ್ನು ಕಿತ್ತುಕೊಂಡಾಗ ಊರ ಜನವೂ ಗಲಭೆಗಿಳಿದರು. ಸಮಾಧಾನಕ್ಕಾಗಿ ಸರಕಾರವು ಹಿಡಿದ ಉಪಾಯಗಳಲ್ಲಿ ಮೇಲುಜಾತಿಯ ಅಡುಗೆಯವರನ್ನು ನೇಮಿಸುವುದೂ ಒಂದು. ಇಲ್ಲಿ ಒಂದು ಸೂಕ್ಷ್ಮ ಸಂಗತಿಯಿದೆ. ಪ್ರಭುತ್ವವು ಮನ್ನಿಸಿದ್ದು ಜಾತಿಯ ರುಚಿಯನ್ನು. ವ್ಯಕ್ತಿಯ ರುಚಿ ಅದರ ಕಣ್ಣಿಗೆ ಬೀಳಲೇ ಇಲ್ಲ. ಇಂಥವನು ಇಂಥ ಜಾತಿಯವನು, ಆದಕಾರಣ ಇಂಥದನ್ನು ಉಣ್ಣುವನು ಎಂದು ದಾಖಲೆಯಲ್ಲಿ ಬರೆದುಕೊಂಡರೆ ಕೇಳುವ ಕೆಲಸ ಮುಗಿಯಿತು. ಈ ಸೌಕರ್ಯ ಆಡಳಿತಗಾರರಿಗೆ ಎಷ್ಟು ಒಗ್ಗಿತೆಂದರೆ, ಇಂದಿಗೂ ಶಾಕಾಹಾರಿ, ಮಾಂಸಾಹಾರಿ ಎಂಬ ಎರಡು ಕಾಲಂಗಳಲ್ಲಿ ಅದೇ ಮುಂದುವರಿದಿದೆ.

ಮಂಗಳೂರಿಗೆ ಬರೋಣ. 1834ರಲ್ಲಿ ಬಾಸೆಲ್ ಮಿಶನ್ನಿನವರು ಇಲ್ಲಿಗೆ ಬಂದಿಳಿದ ಮೇಲೆ ಮಿಶನ್ನಿನ ಪೋಷಣೆಯಲ್ಲಿ ಬಾಳುವ ಒಂದು ಸಮುದಾಯ ಕ್ರಮೇಣ ಬೆಳೆಯಿತು. ಅನ್ಯರ ಕೈಯ ಅನ್ನ ಉಂಡವನಿಗೆ ಹುಟ್ಟಿದ ಮನೆಯ ಬಾಗಿಲು ಮುಚ್ಚುತ್ತಿದ್ದ ಕಾಲವದು. 1844ರಲ್ಲಿ ಆನಂದರಾವ್ ಕೌಂಡಿಣ್ಯರೂ ಸಂಗಡಿಗರೂ ಮತಾಂತರಗೊಂಡಾಗ ಊರಿನಲ್ಲಿ ಎದ್ದ ಕೋಲಾಹಲ ಪ್ರಸಿದ್ಧವಾಗಿದೆ. ಮುಂದೆ ವೆನ್ಲಾಕ್ ಎಂಬ ಹೆಸರು ಪಡೆದ ಸರಕಾರಿ ಆಸ್ಪತ್ರೆ 1848ರಷ್ಟು ಹಿಂದಿನದು. ಕಂಕನಾಡಿಯಲ್ಲಿ ಜರ್ಮನಿಯ ಜೆಸುಯಿತ ಪಾದ್ರಿ ಅಗಸ್ಟಸ್ ಮುಲ್ಲರರು 1880ರಲ್ಲಿ ಬಡವರ ಹೋಮಿಯೋಪತಿ ಔಷಧಾಲಯವನ್ನೂ 1890ರಲ್ಲಿ ಕುಷ್ಠಾಶ್ರಮವನ್ನೂ 1895ರಲ್ಲಿ ಆಸ್ಪತ್ರೆಯನ್ನೂ ತೆರೆದರು. 1902ರಲ್ಲಿ ಪ್ಲೇಗಿನ ಆಸ್ಪತ್ರೆಯೂ ಸೇರಿತು. ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ನನ್ನು ಸ್ಥಾಪಿಸಿ ದಲಿತ ಮಕ್ಕಳಿಗೆ ಶಾಲೆಯನ್ನೂ ವಿದ್ಯಾರ್ಥಿನಿಲಯವನ್ನೂ ಒದಗಿಸಿದರು. ಈ ಮಕ್ಕಳ ಸ್ಥಿತಿ ಬಂದೀಖಾನೆಯ ಮೇಲುಜಾತಿಯ ಕೈದಿಗಿಂತ ವಿಪರೀತವಾದುದು. ಜಾತಿಯ ಹೆಸರಿನಲ್ಲಿ ಆಯ್ಕೆಯನ್ನು ಕೇಳುವ ದಾರಿ ಇವರಿಗೆ ಇರಲಿಲ್ಲ. ಜಾತಿಯು ಇವರಿಗೆ ಕೊಟ್ಟದ್ದು ಅಂಗಳದಾಚೆ ನಿಂತು ಉಳಿದದ್ದನ್ನು ಪಡೆಯುವ ಹಕ್ಕನ್ನು ಮಾತ್ರ. ಇಂಥವರ ಪಾಲಿಗೆ ಒಳಗೆ ಕುಳಿತು ಎಲೆಯ ಮುಂದೆ ಉಣ್ಣುವುದೇ ದೊಡ್ಡ ಮಾತಾಗಿತ್ತು. ಸಾಮೂಹಿಕ ಹಂಡೆಯನ್ನು ಟೀಕಿಸುವವರು ಇದನ್ನು ಮರೆಯಲಾಗದು.

ಇನ್ನು ವೈದ್ಯರ ವಿಚಾರ. ಹೋಮಿಯೋಪತಿಯ ಪ್ರವರ್ತಕ ಹಾನೆಮಾನ್ 1803ರಲ್ಲಿಯೇ ಕಾಫಿಯ ದುಷ್ಪರಿಣಾಮಗಳನ್ನು ಕುರಿತು ಪ್ರಬಂಧವನ್ನು ಬರೆದನು; ಆ ಪದ್ಧತಿಯಲ್ಲಿ ಕಾಫಿ ಹಾಗೂ ತೀಕ್ಷ್ಣವಾದ ಸಾಂಬಾರ ಪದಾರ್ಥಗಳು ವರ್ಜ್ಯವೆನಿಸಿದವು. ಆಯುರ್ವೇದದ ಪಥ್ಯಕ್ಕೆ ಒಗ್ಗಿದ ಜನರಿಗೆ ಇಂಥ ಕಟ್ಟಳೆ ಹೊಸತಲ್ಲ. ಹೊಸತಾದದ್ದು ಸ್ಥಳ. ಮನೆಯಲ್ಲಿ ಪಥ್ಯವನ್ನು ಮುರಿಯಲು ಅಜ್ಜಿಯ ಸಹಾಯವಾದರೂ ಇರುತ್ತಿತ್ತು! ವಾರ್ಡಿನಲ್ಲಿ ವೈದ್ಯನ ಮಾತೇ ಅಡುಗೆಮನೆಯ ಆಜ್ಞೆ.

ಆದರೆ ನಮ್ಮ ಆಸ್ಪತ್ರೆಗಳಲ್ಲಿ ಈ ಆಜ್ಞೆಗೆ ಒಂದು ತಿದ್ದುಪಡಿ ತಾನಾಗಿಯೇ ಹುಟ್ಟಿಕೊಂಡಿತು: ಮನೆಯ ಬುತ್ತಿ. ಹೊತ್ತಿಗೆ ಸರಿಯಾಗಿ ಗಂಜಿ, ಚಟ್ನಿ, ಸಾರುಗಳನ್ನು ಹೊತ್ತು ಬರುವ ಬಂಧುಗಳ ಸಾಲನ್ನು ಹಂಪನಕಟ್ಟೆಯಲ್ಲಿ ಕಾಣದವರಿಲ್ಲ. ಲೇಡಿ ಗೋಷನ್ ಆಸ್ಪತ್ರೆಯ ಬಾಣಂತಿಗೆ ಒಳ್ಳೆಮೆಣಸು, ಬೆಳ್ಳುಳ್ಳಿ ಹಾಕಿದ ಸಾರು ತಾಯಿಮನೆಯಿಂದಲೇ ಬರಬೇಕು. ವಾರ್ಡಿನ ಕೆಲಸಕ್ಕೆ ಇದರಿಂದ ಅಡಚಣೆಯೆನಿಸಬಹುದು. ರೋಗಿಗೆ ಅದು ತನ್ನ ನಾಲಗೆಯ ಮೇಲೆ ಉಳಿದಿರುವ ಸ್ವಾತಂತ್ರ್ಯ. ಈ ಸ್ವಾತಂತ್ರ್ಯ ಬಂಧುಗಳುಳ್ಳವರಿಗೆ ಮಾತ್ರ ಸಲ್ಲುತ್ತದೆ ಎಂಬುದೇ ಇಲ್ಲಿಯ ದುಃಖ. ಕುಷ್ಠರೋಗಿಗಳ ವಿಷಯದಲ್ಲಿ ಇದು ಅತ್ಯಂತ ಸ್ಪಷ್ಟ. ಮನೆಯಿಂದ ಹೊರಬಿದ್ದವರಿಗೆ ಬುತ್ತಿ ತರುವವರಾರು? 1898ರ ಕುಷ್ಠರೋಗಿಗಳ ಕಾಯಿದೆಯು, ತಾನು ಅನ್ವಯವಾದ ಪ್ರದೇಶಗಳಲ್ಲಿ, ರೋಗಿಯು ಮಾರಾಟಕ್ಕಾಗಿ ತಿನಿಸು ತಯಾರಿಸುವುದನ್ನು ನಿಷೇಧಿಸಿತು. ಅವನು ಮುಟ್ಟಿದ ಅನ್ನದ ಚಿಂತೆ ಶಾಸನಕ್ಕಿತ್ತು. ಆ ಕಾಯಿದೆ ರದ್ದಾದದ್ದು 2016ರಲ್ಲಿ.

ಸದ್ಯದ ಶಾಸನಗಳು ಎಷ್ಟು ದೂರ ಬಂದಿವೆ? ಹಿರಿಯ ನಾಗರಿಕರ ಪೋಷಣೆಯ 2007ರ ಕಾಯಿದೆಯಲ್ಲಿ ಪೋಷಣೆಯೆಂಬ ಶಬ್ದದೊಳಗೆ ಆಹಾರವೂ ಸೇರಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ರೋಗಿಗೆ ಹಿತಕರವಾದ ಆಹಾರ ಸಾಕಷ್ಟು ದೊರೆಯಬೇಕೆನ್ನುತ್ತದೆ. ಚರಕನ ಎರಡು ಅಂಗಗಳಲ್ಲಿ ಒಂದು ಮಾತ್ರ ಇಲ್ಲಿ ಕಾಣುತ್ತದೆ. ಆದರೆ ಅದೇ ಕಾಯಿದೆಯ 5ನೆಯ ಕಲಮು, ತನ್ನ ಆರೈಕೆ ಹೇಗಿರಬೇಕೆಂದು ವ್ಯಕ್ತಿಯು ಮುಂಚಿತವಾಗಿ ಬರೆದಿಡಲು ಅವಕಾಶ ಕೊಡುತ್ತದೆ. 4ನೆಯ ಕಲಮಿನ ಪ್ರಕಾರ ವಿಷಯವನ್ನು ಸರಳ ಮಾತಿನಲ್ಲಿ, ಸಂಜ್ಞೆಯಲ್ಲಿ, ಚಿತ್ರಗಳಿಂದ ತಿಳಿಸಬೇಕು. ಭಾರತವು 2007ರಲ್ಲಿ ಅಂಗೀಕರಿಸಿದ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆ ಇನ್ನೂ ಮುಂದೆ ಹೋಗಿ, ತೀರ್ಮಾನಿಸುವುದಕ್ಕೆ ಬೇಕಾದ ನೆರವನ್ನು ಒದಗಿಸುವುದು ರಾಜ್ಯದ ಕರ್ತವ್ಯವೆಂದು ಸಾರಿತು. ಅವನ ಪರವಾಗಿ ತೀರ್ಮಾನಿಸುವುದಕ್ಕೂ ಅವನು ತೀರ್ಮಾನಿಸುವಂತೆ ನೆರವಾಗುವುದಕ್ಕೂ ಇರುವ ಅಂತರ ಅಡುಗೆಮನೆಯಲ್ಲಿಯಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣದು.

ಗಂಜಿಯನ್ನೇ ನೋಡಿರಿ. ಹಲ್ಲು ಬಿದ್ದ, ನುಂಗಲಾರದ ವೃದ್ಧರಿಗೆ ಗಂಜಿ ಕೊಡುವುದು ಎಲ್ಲೆಡೆಯ ರೂಢಿ; ಕೊಟ್ಟವರು ಕೇಳಬೇಕಾದುದೇನೂ ಉಳಿಯಲಿಲ್ಲವೆಂದು ಭಾವಿಸುತ್ತಾರೆ. ಈ ಊರಿನವರಿಗಾದರೋ ಪ್ರಶ್ನೆ ಅಲ್ಲಿಂದಲೇ ಆರಂಭ. ಕುಚ್ಚಲಕ್ಕಿಯೋ ಬೆಳ್ತಿಗೆಯೋ, ತಿಳಿ ಹೆಚ್ಚೋ ಅನ್ನ ಹೆಚ್ಚೋ, ಬಿಸಿಯೋ ತಣಿದದ್ದೋ, ಜೊತೆಗೆ ಮಿಡಿ ಉಪ್ಪಿನಕಾಯಿಯ ರಸವೋ, ನುಣ್ಣಗೆ ಅರೆದ ಒಣಮೀನಿನ ಚಟ್ನಿಯೋ, ಬರಿಯ ಉಪ್ಪೋ? ರಕ್ತದೊತ್ತಡವಿರುವವರಿಗೆ ಉಪ್ಪಿನಕಾಯಿ ಕೇಡೆಂದು ವೈದ್ಯರು ಹೇಳಿದರೆ ಅದನ್ನು ಉಣ್ಣುವವರಿಗೆ ತಿಳಿಸಬೇಕು, ಎಷ್ಟು ಕೇಡೆಂಬುದನ್ನೂ ತಿಳಿಸಬೇಕು. ಅನಂತರ ಅವರ ಉತ್ತರಕ್ಕೆ ಕಾಯಬೇಕು. ಮಾತು ಬಾರದವರ ಮುಂದೆ ಎರಡು ಬಟ್ಟಲುಗಳನ್ನಿಟ್ಟರೆ ಕೈಯೋ ಕಣ್ಣೋ ಉತ್ತರ ಹೇಳುತ್ತದೆ. ಮನೆಯಲ್ಲಿ ಕೊಂಕಣಿಯಾಡುವ ಮುದುಕಿ ಗಂಜಿಯೆಂದಾಗ ಸುಮ್ಮನಿದ್ದು ಪೇಜ್ ಎಂದಾಗ ತಲೆಯೆತ್ತಬಹುದು. ಇದಕ್ಕೆ ಬೇಕಾದ ಹಣ ಅತ್ಯಲ್ಪ, ಬೇಕಾದುದು ಬಡಿಸುವವರ ಹೊತ್ತು. ಹತ್ತು ನಿಮಿಷದಲ್ಲಿ ನಲವತ್ತು ಮಂದಿಗೆ ಬಡಿಸಿ ಮುಗಿಸಬೇಕಾದ ಆಯಾಳಿಗೆ ಆ ಹೊತ್ತನ್ನು ಕೊಡುವವರು ಯಾರು ಎಂಬಲ್ಲಿಗೆ ಆಶ್ರಯಸಂಸ್ಥೆಗಳ ಇಂದಿನ ಚರ್ಚೆ ಬಂದು ನಿಂತಿದೆ.