ಕೊಡಗಿನ ಕೋವಿ ವಿನಾಯಿತಿ

ಕೊಡಗಿನಲ್ಲಿ ಕೊಡವರು ಮತ್ತು ಜಮ್ಮಾ ಹಿಡುವಳಿದಾರರು ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ಇರುವ ಕಾನೂನುಬದ್ಧ ಅವಕಾಶ. ಬ್ರಿಟಿಷರ ಕಾಲದಲ್ಲಿ, 1861ರಲ್ಲಿ, ಆರಂಭವಾದ ಈ ವಿನಾಯಿತಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯೂ ಮುಂದುವರಿದು, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಣೆಗೊಂಡಿತು. ಇದನ್ನು ಒಂದು ಜನಾಂಗದ ಹುಟ್ಟುಗುಣಕ್ಕೆ ಸಂದ ಮನ್ನಣೆಯೆಂದು ಬಣ್ಣಿಸುವುದು ರೂಢಿ. ಆದರೆ ಅದರ ಗಟ್ಟಿ ಬೇರು ಇರುವುದು ಭೂಮಿಯಲ್ಲಿ. ಜಮ್ಮಾ ಭೂಮಿ ಅರಸರ ಕಾಲದಲ್ಲಿ ಸೈನಿಕ ಸೇವೆಯ ಋಣಕ್ಕೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ಬಂದದ್ದು. ಕೊಡವರಲ್ಲದ, ಅರೆಭಾಷೆ ಗೌಡರಂಥ ಹಿಡುವಳಿದಾರರಿಗೂ ವಿನಾಯಿತಿ ದಕ್ಕಿರುವುದೇ ಇದಕ್ಕೆ ಸಾಕ್ಷಿ. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆ, ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು, ಸಾವಿನ ಮನೆಯಲ್ಲೂ ಗುಂಡಿನ ಸದ್ದು: ಕೋವಿ ಇಲ್ಲಿ ಬೇಸಾಯದ, ಒಕ್ಕದ (ಮನೆತನದ) ಬದುಕಿನ ಅಂಗ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರಂಥ ಸೇನಾನಿಗಳನ್ನು ಕೊಟ್ಟ ನಾಡಿನಲ್ಲಿ ಸೇನೆ ಸೇರುವುದು ಮನೆತನದ ವಾಡಿಕೆಯಾಗಿ ಉಳಿಯಿತು.

ಜಾತಿ ಮತ್ತು ಹಿಡುವಳಿಯ ಆಧಾರದ ಇಂಥ ರಿಯಾಯಿತಿ ಸಮಾನತೆಗೆ ವಿರುದ್ಧ ಎಂಬ ಆಕ್ಷೇಪ ಗಂಭೀರವಾದದ್ದೇ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಒಪ್ಪದೆ ವಿನಾಯಿತಿಯನ್ನು ಎತ್ತಿಹಿಡಿಯಿತು. ಆದರೂ ವಿನಾಯಿತಿಯ ಎರಡು ಆಧಾರಗಳ ತೂಕ ಒಂದೇ ಅಲ್ಲ. ಜನಾಂಗವೆಂಬ ಆಧಾರ, ಕೆಲವು ಕುಲಗಳು ಹುಟ್ಟಿನಿಂದಲೇ ಯೋಧರೆಂಬ ವಸಾಹತು ಆಡಳಿತದ ಕಲ್ಪನೆಗೆ ಹತ್ತಿರವಾದ್ದರಿಂದ ದುರ್ಬಲ. ಹಿಡುವಳಿಯ ಆಧಾರ ಚರಿತ್ರೆಗೆ ನಿಷ್ಠವಾದ್ದರಿಂದ ಹೆಚ್ಚು ಸಮರ್ಥನೀಯ. ಕೋವಿ ಕಾಡುಪ್ರಾಣಿಗಳಿಗೆ ಕುತ್ತೆಂಬ ಆತಂಕಕ್ಕೂ ಉತ್ತರವಿದೆ: ವಿನಾಯಿತಿ ಪರವಾನಗಿಯಿಂದ ಮಾತ್ರ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಲ್ಲ, ಬೇಟೆ ಇಲ್ಲಿಯೂ ಅಪರಾಧವೇ.